ಮಡಿ ಉಟ್ಟ ಸೈಕಲ್

ಹೋದ ವಾರ ಈ ಅಂಕಣ ಬರಲಿಲ್ಲ. ಜ್ವರವಲ್ಲ, ಆಲಸ್ಯವೂ ಅಲ್ಲ. ನನ್ನ ಸೈಕಲ್ಲಿಗೆ ಮಡಿ ಉಡಿಸಿದ್ದರು. ಆ ಮಡಿ ಸೈಕಲ್ ಹಿರೇಕೆರೂರಿನಾಚೆಯ ಇಳಿಜಾರಿನಲ್ಲಿ ನನ್ನನ್ನು ಹೊತ್ತುಕೊಂಡು ಓಡಿತು. ಇವತ್ತಿಗೂ ಹಾಸಿಗೆಯಲ್ಲಿ ನನ್ನ ಕಾಲುಗಳು ತಾವಾಗಿ ತಿರುಗುತ್ತವೆ. (ಹೆಂಡತಿ ಪಡಸಾಲೆಯಲ್ಲಿ ಮಲಗುತ್ತಿದ್ದಾಳೆ.)

ಮೊದಲು ಸೈಕಲ್ಲಿನ ಮಾತು. ಯುದ್ಧ ಶುರುವಾದ ಮೇಲೆ ಹೊಸ ಸೈಕಲ್ ಎಲ್ಲಿ ಸಿಗುತ್ತದೆ? ನನಗೆ ಸಿಕ್ಕಿದ್ದು ಬರೀ ಫ್ರೇಮು. ವಿಲಾಯತಿ ಉಕ್ಕು. ಬೆರಳಿನಿಂದ ಬಡಿದರೆ ತಂಬೂರಿಯಂತೆ ಗುಂಯ್ ಎನ್ನುತ್ತದೆ. ಅದನ್ನು ಹೆಗಲ ಮೇಲೆ ಹೊತ್ತು ಪೇಟೆಯ ಸೈಕಲ್ ರಿಪೇರಿಯ ಇಮಾಮಸಾಬನ ಮುಂದೆ ಇಟ್ಟೆ. ಅವನ ಮುಖ ಅರಳಿತು.

"ಇದು ಫ್ರೇಮ್ ಅಲ್ರಿ ಸಾಹೇಬ್ರ, ಗರತಿ! ಎಂಥಾ ಮನಿಗೆ ಕೊಟ್ರೂ ಹೊಂದ್ಕೊಂಡು ಹೋಗ್ತೈತಿ."

ಸುಳ್ಳಲ್ಲ. ಹ್ಯಾಂಡಲ್ ನೆಟ್ಟಗೆ ಹಾಕಿದರೆ ಪೋಸ್ಟ್‌ಮನ್ ಸೈಕಲ್, ಬಗ್ಗಿಸಿ ಹಾಕಿದರೆ ರೇಸಿನ ಸೈಕಲ್, ಹಿಂದೆ ಕ್ಯಾರಿಯರ್ ಕೂಡಿಸಿದರೆ ಹಾಲಿನವನ ಸೈಕಲ್. ಅವನು ಎಲ್ಲಿಂದಲೋ ತಂದ ಹಿಂದಿನ ಗಾಲಿಯಂತೂ ಎರಡು ಮುಖದ್ದು. ಒಂದು ಬದಿಗೆ ಫ್ರೀವ್ಹೀಲ್: ತುಳಿಯುವುದು ನಿಲ್ಲಿಸಿದರೂ ಗಾಲಿ ಉರುಳುತ್ತದೆ. ಇನ್ನೊಂದು ಬದಿಗೆ ಗಟ್ಟಿ ಹಲ್ಲು: ಗಾಲಿ ತಿರುಗುವವರೆಗೆ ಪೆಡಲ್ಲೂ ತಿರುಗಲೇಬೇಕು, ಕಾಲೂ ತಿರುಗಲೇಬೇಕು. ಗಾಲಿ ಬಿಚ್ಚಿ ಮಗ್ಗಲು ಬದಲಿಸಿದರೆ ಸಾಕು. ಗಿಯರ್ ಒಂದೇ, ಸ್ವಭಾವ ಎರಡು.

ನಾನು ಫ್ರೀವ್ಹೀಲ್ ಮನುಷ್ಯ. ಹಾಗೇ ಸುಖವಾಗಿದ್ದೆ. ಅಷ್ಟರಲ್ಲಿ ಸೋದರಮಾವ ಗುಂಡಾಚಾರ್ಯರು ಬಂದರು.

ಮಾವನ ಅವ್ವನ, ಅಂದರೆ ನನ್ನ ಅಜ್ಜಿಯ ಶ್ರಾದ್ಧ ಹಂಸಭಾವಿಯಲ್ಲಿ, ಮಾವನ ಅಣ್ಣನ ಮನೆಯಲ್ಲಿ. ಮಧ್ಯಾಹ್ನದೊಳಗೆ ಮುಟ್ಟಬೇಕು. ಹೋದ ವರ್ಷ, ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಿಂದ ಓಡುವ ಬಸ್ಸು ಅರ್ಧ ದಾರಿಯಲ್ಲಿ ಕೆಮ್ಮಿ ನಿಂತು, ಮಾವನಿಗೆ ತಿಥಿ ತಪ್ಪಿತ್ತು.

"ನನ್ನ ಕೈಯಿಂದ ಒಂದು ತುತ್ತು ಇಲ್ಲದ ತಿರುಗಿ ಹ್ವಾದಳು ಅವ್ವ," ಎಂದರು. ಕಣ್ಣು ತುಂಬಿತ್ತು. "ಈ ವರ್ಷ ತಪ್ಪಿದರ ನಾ ಇದ್ದರೇನು, ಸತ್ತರೇನು?"

ಹೀಗೆಂದ ಮೇಲೆ ಯಾರು ಇಲ್ಲವೆನ್ನುತ್ತಾರೆ?

ಆದರೆ ಅಣ್ಣನ ಮನೆಯ ಬಾವಿಯ ಹೂಳು ತೆಗೆಯುತ್ತಿದ್ದರು, ನೀರೆಲ್ಲ ಕೆಸರು. ಆದ್ದರಿಂದ ಇಲ್ಲೇ ಸ್ನಾನ, ಇಲ್ಲೇ ಮಡಿ, ಮಡಿಯಲ್ಲೇ ಪ್ರಯಾಣ. ಬಸ್ಸಿನಲ್ಲಿ ನಾಲ್ಕು ಜನರ ಮೈ ತಾಗುತ್ತದೆ. ಚಕ್ಕಡಿ ಮುಟ್ಟುವುದರೊಳಗೆ ಸಂಜೆ.

"ಸೈಕಲ್ ಉಕ್ಕಿಂದಲ್ಲೇನು? ಲೋಹಕ್ಕ ನೀರು ಬಿದ್ದರ ಶುದ್ಧ," ಎಂದರು ಮಾವ.

ಇಮಾಮಸಾಬನ ಅಂಗಡಿಯಲ್ಲಿ ತಪಾಸಣೆ ನಡೆಯಿತು. ಸೀಟು ಚರ್ಮದ್ದು. ತೆಗಿ! (ಅದರ ಮೇಲೆ ಕೂಡುವವನು ನಾನು. "ಅದರ ಗಾಳಿ ಹಿಂದ ನನಗ ಬಡೀತದಲ್ಲ!" ಎಂದರು ಮಾವ.) ಸೀಟಿನ ಜಾಗದಲ್ಲಿ ಊಟಕ್ಕೆ ಕೂಡುವ ಮಣೆ ಬಂತು. ಬ್ರೇಕಿನ ಗುಟ್ಟಿ? ರಬ್ಬರ್ ಸಿಗದ ಕಾಲ, ಹಳೆಯ ಚಪ್ಪಲಿ ಕತ್ತರಿಸಿ ಹಾಕಿದ್ದ. ತೆಗಿ! ಫ್ರೀವ್ಹೀಲಿನೊಳಗೆ ಏನದ?

"ಚರ್ಬಿ ರೀ," ಎಂದ ಇಮಾಮಸಾಬ, ಸುಳ್ಳು ಹೇಳಲು ಬಾರದವನು.

ಮಾವ ಬೀದಿಗೆ ಜಿಗಿದರು.

ಹೀಗೆ ಗಾಲಿ ಮಗ್ಗಲು ಬದಲಿಸಿತು. ಉಳಿದ ಜಾಗದ ಗ್ರೀಸನ್ನೆಲ್ಲ ಸೀಮೆಎಣ್ಣೆಯಿಂದ ತೊಳೆದು ತುಪ್ಪ ತುಂಬಿದರು.

"ಆಚಾರ್ರ, ಬ್ರೇಕ್ ಇಲ್ಲ, ಫ್ರೀ ಇಲ್ಲ. ಇಳಿಕಿಯೊಳಗ ಹೆಂಗ್ರಿ?"

"ನನ್ನ ಸೋದರಳಿಯ ಬಿ.ಎ. ಓದ್ಯಾನ."

ಬಿ.ಎ.ಯಲ್ಲಿ ನಾನು ಓದಿದ್ದು ತರ್ಕಶಾಸ್ತ್ರ. ಅದು ಇಳಿಜಾರಿಗೆ ಅನ್ವಯಿಸುವುದಿಲ್ಲ.

ಹೊರಟೆವು. ಮಾವ ಕ್ಯಾರಿಯರ್ ಮೇಲೆ, ಒದ್ದೆ ಪಂಚೆಯಲ್ಲಿ. ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿದ ನಾನು ಮೈಲಿಗೆ. ನನ್ನನ್ನು ಮುಟ್ಟುವಂತಿಲ್ಲ. ಹಾಗಾಗಿ ಮಣೆಯ ಅಂಚನ್ನು ಎರಡು ಬೆರಳಿನಿಂದ ಹಿಡಿದು, ಬೆನ್ನು ಹಿಂದಕ್ಕೆ ಬಾಗಿಸಿ ಕೂತಿದ್ದರು. ತುಪ್ಪದ ವಾಸನೆಗೆ ಊರಿನ ನಾಯಿಗಳೆಲ್ಲ ಮೆರವಣಿಗೆ ಹೊರಟವು.

ಸಮನೆಲದಲ್ಲಿ ಚೆಂದವೇ ಇತ್ತು. ಆಮೇಲೆ ಇಳಿಜಾರು ಬಂತು.

ಮೊದಲು ಪೆಡಲ್ ನನ್ನ ಕಾಲಿಗಿಂತ ತುಸು ಮುಂದಾಯಿತು. ನಾನು ಒತ್ತಿ ಹಿಡಿದೆ. ಅದು ನನ್ನನ್ನೇ ಎತ್ತಿ ಹಾಕಿತು. ಆಮೇಲೆ ಕಾಲು ನನ್ನದಾಗಿ ಉಳಿಯಲಿಲ್ಲ. ಎರಡೂ ಪಾದ ಜಾರಿದವು. ಪೆಡಲ್‌ಗಳು ಹುಚ್ಚೆದ್ದು ಮೀನಖಂಡಕ್ಕೆ ಬಾರಿಸತೊಡಗಿದವು. ಕೆಳಗೆ ಹಳ್ಳ. ಹಳ್ಳದ ಮೇಲೆ ಕಟ್ಟೆಯಿಲ್ಲದ ಮೋರಿ. ಮೋರಿಗೆ ಮೊದಲು ಒಂದು ತಿರುವು. ನಾನು ಈಗ ಪ್ರತಿರಾತ್ರಿ ಕನಸಿನಲ್ಲಿ ನೋಡುವುದು ಆ ತಿರುವನ್ನೇ.

"ಮಾವಾ, ಗಟ್ಟ್ಯಾಗಿ ಹಿಡ್ಕೋರಿ ನನ್ನ!"

"ನಾ ಮಡೀಲೆ ಇದ್ದೀನೋ!"

ಹೊಲದಿಂದ ಬರುತ್ತಿದ್ದ ಒಬ್ಬ ರೈತ ನಮ್ಮ ಅವಸ್ಥೆ ಕಂಡು ರುಮಾಲು ಬಿಸಾಕಿ ಪಕ್ಕದಲ್ಲೇ ಓಡಿದ. ಕ್ಯಾರಿಯರಿಗೆ ಕೈ ಹಾಕಿಯೇಬಿಟ್ಟಿದ್ದ.

"ಮುಟ್ಟಬ್ಯಾಡ! ಮಡಿ!" ಎಂದು ಮಾವ ಕೂಗಿದರು.

"ತಪ್ಪಾತ್ರೀ," ಎಂದು ಪುಣ್ಯಾತ್ಮ ಕೈ ಬಿಟ್ಟ. ಕೈಮುಗಿದು ನಮ್ಮನ್ನು ಬೀಳ್ಕೊಟ್ಟ.

ಇಂಥ ಸಭ್ಯ ಜನರ ನಡುವೆ ಸಾಯುವುದು ಎಷ್ಟು ಸುಲಭ ನೋಡಿ!

ತಿರುವಿನಲ್ಲಿ ಹೇಗೆ ತಿರುಗಿದೆವೋ ತಿಳಿಯದು. ಮೋರಿಯ ತುಂಬ ಕುರಿಗಳು. ಇಬ್ಬರು ಕುರುಬರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದರು. ಸಾವಿಗೆ ಹತ್ತು ಮಾರು ದೂರದಲ್ಲಿ ಮಾವನಿಗೆ ಶಾಸ್ತ್ರ ಹೊಳೆಯಿತು.

"ಕಂಬಳಿ ಹಿಡೀರೋ! ಉಣ್ಣೆಗೆ ಮೈಲಿಗಿ ಇಲ್ಲ! ಕಂಬಳಿ!"

ಕುರುಬರು ಪ್ರಶ್ನೆ ಕೇಳಲಿಲ್ಲ. ಒಂದು ಕಂಬಳಿಯನ್ನು ಇಬ್ಬರೂ ಎರಡು ತುದಿಗೆ ಜಗ್ಗಿ ಹಿಡಿದರು. ಮುಂದಿನ ಗಾಲಿ ಕಲ್ಲಿಗೆ ಬಡಿಯಿತು. ಮಾವ ನನ್ನ ತಲೆಯ ಮೇಲಿಂದ ಹಾರಿ ಕಂಬಳಿಯಲ್ಲಿ ಬಿದ್ದರು. ನಾನು ಕುರಿಗಳಲ್ಲಿ ಬಿದ್ದೆ. ಕಣ್ಣು ಬಿಟ್ಟಾಗ ಟಗರೊಂದರ ಕೊರಳು ತಬ್ಬಿದ್ದೆ. ನನ್ನ ಎಡಗಾಲು ಮೋರಿಯ ಆಚೆ, ಗಾಳಿಯಲ್ಲಿತ್ತು. ಕೆಳಗೆ ಬಂಡೆಗಲ್ಲು.

ಕಂಬಳಿಯೊಳಗಿಂದ ಮಾವನ ದನಿ ಬಂತು. ಪೆಟ್ಟಾಯಿತೇ ಎಂದು ಕೇಳುತ್ತಾರೆಂದುಕೊಂಡೆ.

"ಹಾರೂ ಮುಂದ ನನ್ನ ಕಾಲು ನಿನಗ ತಾಗಿತೇನೋ?"

"ಇಲ್ಲ," ಎಂದೆ. (ಕಿವಿಗೆ ತಾಗಿತ್ತು. ಅಜ್ಜಿಗಾಗಿ ಹೇಳಿದ ಸುಳ್ಳು.)

ಹಿರಿಯ ಕುರುಬ ನನ್ನ ಕಾಲು ಹಿಡಿದು ಈಚೆ ಎಳೆದ. "ಯಪ್ಪಾ, ನಿಮ್ಮ ಗಾಡಿಗೆ ನಿಲ್ಲೂದು ಕಲಿಸಿಲ್ಲೇನ್ರಿ?"

"ಕಲಿತಿತ್ತು," ಎಂದೆ. "ಇವತ್ತ ಮುಂಜಾನೆ ಮರೆಸೀವಿ."

ಅಷ್ಟೆಲ್ಲ ಆದರೂ ಫ್ರೇಮು ಕೂದಲಷ್ಟೂ ಸೊಟ್ಟಗಾಗಿರಲಿಲ್ಲ. ಅದೇ ನನಗೆ ಸಿಟ್ಟು. ಯಾರು ಏನು ಜೋಡಿಸಿದರೂ ಹೂಂ, ಏನು ಕಿತ್ತರೂ ಹೂಂ! ಒಮ್ಮೆಯಾದರೂ ಒಲ್ಲೆ ಎನ್ನಬಾರದೇ? (ನಾನಾದರೂ ಅನ್ನಬಹುದಿತ್ತು, ನಿಜ.)

ಉಳಿದ ದಾರಿ ನಡೆದೆವು. ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಮಾವ ಪಿಂಡ ಇಟ್ಟರು. "ಅವ್ವಾ, ಬಂದೆ," ಎಂದು ಸಣ್ಣ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಆ ಗಳಿಗೆಯಲ್ಲಿ ನಾನು ಅವರನ್ನು ಕ್ಷಮಿಸಿದೆ.

ಊಟದ ಎಲೆ ಎತ್ತುವುದರೊಳಗೆ ಆ ಕ್ಷಮೆ ವಾಪಸಾಯಿತು. ಮಡಿ ಸೈಕಲ್ಲಿನ ಕೀರ್ತಿಯನ್ನು ಮಾವ ಪಂಕ್ತಿಯಲ್ಲೇ ಸಾರಿಬಿಟ್ಟಿದ್ದರು. ಈಗ ಶಿಗ್ಗಾಂವಿಯ ಚಿಕ್ಕಪ್ಪ, ಸವಣೂರಿನ ಭಾವ, ಹಾನಗಲ್ಲಿನ ಇಬ್ಬರು ಆಚಾರ್ಯರು, ಎಲ್ಲರೂ ಹೇಳಿ ಕಳಿಸಿದ್ದಾರೆ: ತಮ್ಮ ಮನೆಯ ತಿಥಿಗೂ ಅದೇ ಸೈಕಲ್ ಬೇಕು, ಓಡಿಸುವವನ ಸಮೇತ.

"ಒಂದು ಬ್ರೇಕಾದ್ರೂ ಹಾಕಿಸ್ಲ್ಯಾ ಮಾವ? ಕಟಿಗಿದು?"

"ನೋಡೋಣು. ಯಾವ ಮರ ಅಂತ ವಿಚಾರ ಮಾಡಬೇಕಾಗ್ತದ."

ನನಗಿರುವ ಸಂದೇಹ ಒಂದೇ: ಸ್ವರ್ಗದಲ್ಲಿರುವ ಹಿರಿಯರು ತೃಪ್ತರಾಗಲು, ಇಲ್ಲಿರುವ ಕಿರಿಯರು ಎಷ್ಟು ವೇಗದಲ್ಲಿ ಅವರ ಪಂಕ್ತಿಗೆ ಹೋಗಿ ಕೂಡಬೇಕು?