ಬಾಗಿಲಕ್ಕ ತಂದ ತೊಲೆ

ಬೀದಿಯವರು ಅವಳನ್ನು ಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ಎಲ್ಲಿ ಹಳೆಯ ಮನೆ ಕೆಡವಿದರೂ ಅಲ್ಲಿ ಹಾಜರಾಗಿ, ಬಾಗಿಲು, ಕಿಟಕಿ, ತೊಲೆಗಳನ್ನು ಗಾಡಿಗೆ ಹೇರಿಸಿಕೊಂಡು ಬರುತ್ತಿದ್ದಳು. ಬಡಗಿಯ ಮಗಳಾದರೂ ಅಪ್ಪ ಬದುಕಿರುವವರೆಗೆ ಅವಳ ಕೈಗೆ ಉಳಿ ಕೊಟ್ಟಿರಲಿಲ್ಲ. ಅವನು ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಮನೆಯಲ್ಲಿ ಹೊತ್ತು ಹೋಗದೆ, ಅವನ ಸಾಮಾನುಗಳನ್ನು ತಂದು ಹಿತ್ತಿಲ ತಗಡಿನ ಶೆಡ್ಡಿನಲ್ಲಿ ತಾನೇ ಕೆಲಸ ಕಲಿತಳು. ಮೊದಲ ಸ್ಟೂಲು ಕುಂಟುತ್ತಿತ್ತು. ಬರಬರುತ್ತಾ ಕಿಟಕಿಯ ಚೌಕಟ್ಟಿಗೆ ಕನ್ನಡಿ ಕೂರಿಸುವುದು, ಬಾಗಿಲ ಹಲಗೆಯಿಂದ ಕಪಾಟು ಮಾಡುವುದು ಕೈಗೆ ಹತ್ತಿತು. ಹಳೆಯ ಬಣ್ಣವನ್ನು ಪೂರ್ತಿ ಕೆರೆಯದೆ ಅಲ್ಲಲ್ಲಿ ಉಳಿಸುತ್ತಿದ್ದಳು. ಅದೇ ಜನಕ್ಕೆ ಹಿಡಿಸಿತು.

"ಒಂದು ಮನೆಗೆ ಎಷ್ಟು ಬಾಗಿಲು ಬೇಕೇ ತಾಯಿ? ಕಳ್ಳ ಬಂದ್ರೆ ಯಾವುದ್ರಲ್ಲಿ ನುಗ್ಗೋದು ಅಂತ ಅವನಿಗೇ ತಲೆ ಕೆಡುತ್ತೆ" ಎಂದು ಅತ್ತೆ ನಗುತ್ತಿದ್ದಳು. ನಗುತ್ತಲೇ ಸೊಸೆಯ ಪಕ್ಕ ಕುಳಿತು ಉಪ್ಪುಕಾಗದದಿಂದ ಹಲಗೆ ಉಜ್ಜುತ್ತಿದ್ದಳು.

ಒಂದು ಬೇಸಿಗೆಯಲ್ಲಿ ದಪ್ಪನೆಯ ತೊಲೆಯೊಂದು ಸಿಕ್ಕಿತು. ಮೈಮೇಲೆ ಸಣ್ಣ ಸಣ್ಣ ತೂತುಗಳು. ಮೊಳೆಯ ಗುರುತಿರಬೇಕು ಎಂದುಕೊಂಡಳು. ಅದನ್ನು ಸೀಳಿಸಿ ಅಕ್ಕಪಕ್ಕದ ನಾಲ್ಕೈದು ಮನೆಗಳಿಗೆ ಕಪಾಟು ಮಾಡಿಕೊಟ್ಟಳು. ಉಳಿದದ್ದರಲ್ಲಿ ಅತ್ತೆಯ ಕೋಣೆಗೂ ಒಂದಾಯಿತು.

ಮರುವರ್ಷ ಕೋಣೆ ಗುಡಿಸುತ್ತಿದ್ದ ಅತ್ತೆ ಕೂಗಿದಳು: "ಇಲ್ಲಿ ಹಿಟ್ಟು ಯಾರೇ ಚೆಲ್ಲಿದ್ದು?"

ಬಾಗಿಲಕ್ಕ ಬೆರಳಲ್ಲಿ ಮುಟ್ಟಿ ನೋಡಿದಳು. ಹಿಟ್ಟಲ್ಲ, ಮರದ ಪುಡಿ. ಕುಟ್ಟೆ ಹುಳ ಕಪಾಟನ್ನು ಒಳಗಿಂದಲೇ ತಿನ್ನುತ್ತಿತ್ತು. ಪಕ್ಕದಲ್ಲೇ ಅತ್ತೆ ತವರಿನಿಂದ ತಂದ ಮರದ ಪೆಟ್ಟಿಗೆ. ಅದರ ಮುಚ್ಚಳ ಒತ್ತಿದರೆ ಬೆರಳು ಒಳಗೇ ಇಳಿಯಿತು.

ತೂತು ತೂತಿಗೂ ಸೀಮೆಎಣ್ಣೆ ಬಿಟ್ಟಳು, ಔಷಧಿ ಹೊಡೆಸಿದಳು. ಪುಡಿ ಬೀಳುವುದು ನಿಲ್ಲಲಿಲ್ಲ. ಕಪಾಟು ಕೊಟ್ಟ ಮನೆಗಳಿಗೆಲ್ಲ ಹೋದಳು. ಒಂದು ಮನೆಯಲ್ಲಿ ಹುಳ ಮಂಚಕ್ಕೆ ಹತ್ತಿತ್ತು, ಇನ್ನೊಂದರಲ್ಲಿ ಬಾಗಿಲವಾಡಕ್ಕೆ.

"ನೀವು ಬೇಕಂತ ಮಾಡಿದ್ದಲ್ಲ ಬಿಡಿ" ಎಂದಳು ಎದುರುಮನೆಯ ಟೀಚರ್, ಬಾಗಿಲನ್ನು ಅರ್ಧ ಮಾತ್ರ ತೆರೆದು. "ಆದ್ರೆ ಇನ್ಮೇಲೆ ನಮ್ಮನೆಗೆ ಏನೂ ತರಬೇಡಿ."

ಬಸ್ ಡ್ರೈವರ್ ಆಗಿದ್ದ ಬಾಗಿಲಕ್ಕನ ಗಂಡ ರಜೆ ಹಾಕಿ, ಕಪಾಟುಗಳನ್ನೆಲ್ಲ ಹೊತ್ತು ತಂದು ಹಿತ್ತಿಲಲ್ಲಿ ರಾಶಿ ಹಾಕಿದ. ಬೆಂಕಿ ಇಟ್ಟೊಡನೆ ಭಗ್ಗನೆ ಹೊತ್ತಿತು. ಪೆಟ್ಟಿಗೆಯನ್ನು ಅತ್ತೆಯೇ ಎಳೆದು ತಂದು ಹಾಕಿದಳು.

"ಅತ್ತೆ, ಅಂಥದ್ದೇ ಇನ್ನೊಂದು ಮಾಡಿಕೊಡ್ತೀನಿ."

"ಬೇಡಮ್ಮ. ಮಾಡಿದ್ದು ಸಾಕು."

ಬೈದಿದ್ದರೆ ಎಷ್ಟೋ ಮೇಲಿತ್ತು. ಅತ್ತೆ ಒಳಗೆ ಹೋದಳು, ಆಮೇಲೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಮತ್ತೊಮ್ಮೆ ಕೆಲಸಕ್ಕೆ ಕೂರಲು ಬಾಗಿಲಕ್ಕ ಪ್ರಯತ್ನಪಟ್ಟಳು. ಯಾವ ಹಲಗೆ ಎತ್ತಿಕೊಂಡರೂ ಅದನ್ನು ಬಡಿದು ಬಡಿದು, ಕಿವಿಗಿಟ್ಟು ಆಲಿಸುವುದರಲ್ಲೇ ಹೊತ್ತು ಮುಳುಗುತ್ತಿತ್ತು. ಗಟ್ಟಿ ಮರವನ್ನೂ ನಂಬಲಾಗಲಿಲ್ಲ. ಕೊನೆಗೆ ಶೆಡ್ಡು ಖಾಲಿ ಮಾಡಿದಳು. ಈಗ ಪ್ಲಾಸ್ಟಿಕ್ ಕುರ್ಚಿಯ ಅಂಗಡಿಯೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುರ್ಚಿಗಳ ಧೂಳು ಒರೆಸಿ, ಒಂದರ ಮೇಲೊಂದು ಜೋಡಿಸುತ್ತಾಳೆ. ಅಲ್ಲಿ ಅವಳನ್ನು ಯಾರೂ ಬಾಗಿಲಕ್ಕ ಎನ್ನುವುದಿಲ್ಲ.

ಮನೆಯಲ್ಲಿ ಅತ್ತೆ ಸೊಸೆ ಊಟಕ್ಕೆ ಒಟ್ಟಿಗೇ ಕೂರುತ್ತಾರೆ. ಇನ್ನಷ್ಟು ಹಾಕಲಾ, ಸಾಕಾ, ಅಷ್ಟೇ ಮಾತು.