ಅಕ್ಕನ ಫೋನಿಗೊಂದು ಆ್ಯಪ್

ಮಕ್ತಲದಿಂದ ನಾರಾಯಣಪೇಟೆಗೆ ಹೋಗುವ ಬಸ್ಸಿನ ಕಂಡಕ್ಟರು ‘ಜಾಗ ಇಲ್ಲ’ ಎಂದು ಎಷ್ಟೇ ಕೂಗಿಕೊಂಡರೂ ನಮ್ಮ ಕಡೆಯವರು ನಂಬುವುದಿಲ್ಲ. ಕಿಟಕಿಯಿಂದ ಟವೆಲ್ ಒಗೆದು, ಮೂವರ ಸೀಟಿನಲ್ಲಿ ನಾಲ್ವರು ಕೂತು, ಐದನೆಯವರನ್ನೂ ‘ಬರ್ರಿ, ಸರಕೊಂಡು ಕುಂದ್ರೋಣು’ ಎಂದು ಕರೆಯುವ ಔದಾರ್ಯ ನಮ್ಮದು. ಆದರೆ ಅಂಗೈಯಗಲದ ಫೋನು ಅದೇ ಮಾತನ್ನು ಹೇಳಿದರೆ ಮರುಮಾತಿಲ್ಲದೆ ಒಪ್ಪಿಕೊಂಡುಬಿಡುತ್ತೇವೆ. ಅದರ ಮುಂದೆ ನಮ್ಮ ಟವೆಲ್ಲಿನ ಪರಾಕ್ರಮ ನಡೆಯುವುದಿಲ್ಲ. ನನ್ನ ಮೂರು ತಿಂಗಳ ಘನಕಾರ್ಯವೊಂದು ಹೀಗೊಂದು ‘ಜಾಗ ಇಲ್ಲ’ದ ಎದುರು ಮುಗ್ಗರಿಸಿಬಿದ್ದ ವೃತ್ತಾಂತವನ್ನು ನಿಮಗೆ ಹೇಳಬೇಕು. ನಗಬೇಕೆನಿಸಿದರೆ ಧಾರಾಳವಾಗಿ ನಗಿ, ನಾನೂ ಜೊತೆಗಿರುತ್ತೇನೆ.

ನಾನು ಮಕ್ತಲದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಐವತ್ತು ದಾಟಿದ ಮೇಲೆ, ಮೊಣಕಾಲು ನೋವಿಗೆ ಔಷಧ ಹುಡುಕುತ್ತ ವಿಡಿಯೋ ನೋಡಲು ಕೂತವನು, ಹೇಗೋ ದಾರಿ ತಪ್ಪಿ ಆ್ಯಪ್ ಬರೆಯುವುದನ್ನು ಕಲಿತುಬಿಟ್ಟೆ. ಮೊಣಕಾಲು ಮಾತ್ರ ಹಾಗೆಯೇ ಇದೆ. ನನ್ನ ಅಕ್ಕ ಈರಮ್ಮ ನಾರಾಯಣಪೇಟೆಯಲ್ಲಿ ಕೈಮಗ್ಗದ ಸೀರೆ ನೇಯುತ್ತಾಳೆ. ಅವ್ವ ತೀರಿಹೋದಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನಾರು. ಅಂದಿನಿಂದ ನನ್ನ ಅಂಗಿ, ಪುಸ್ತಕ, ಪರೀಕ್ಷೆಯ ಫೀಸು ಎಲ್ಲವೂ ಅವಳ ಮಗ್ಗದಿಂದಲೇ ಇಳಿದು ಬಂದವು. ಆ ಮಗ್ಗವನ್ನೇ ದೀಪಾವಳಿಯ ಹೊತ್ತಿಗೆ ಬಿಚ್ಚಿಹಾಕುತ್ತೇನೆಂದು ಅವಳು ಹೇಳಿದಳು. ಅವಳಿಂದ ಸೀರೆ ಕೊಳ್ಳುತ್ತಿದ್ದ ಅಂಗಡಿಯವರು ವ್ಯಾಪಾರವನ್ನೇ ನಿಲ್ಲಿಸಿದ್ದರು.

“ನೇಯಾಕ ಕೈ ಅದಾವ, ತೊಗೊಳ್ಳಾಕ ಮಂದಿ ಇಲ್ಲ. ಸುಮ್ನ ಮನಿ ತುಂಬ ಯಾಕ ಇಟಗೊಂಡು ಕುಂದರ್ಲಿ ತಮ್ಮಾ?” ಎಂದಳು.

ಕೊಳ್ಳುವವರು ನೇರವಾಗಿ ನಿನ್ನನ್ನೇ ಹುಡುಕಿಕೊಂಡು ಬರುವಂಥ ಆ್ಯಪ್ ಮಾಡಿಕೊಡುತ್ತೇನೆ, ದೀಪಾವಳಿಯವರೆಗೆ ಕಾದು ನೋಡು, ಮಗ್ಗ ಬಿಚ್ಚಬೇಡ ಎಂದು ಮಾತು ಕೊಟ್ಟುಬಂದೆ.

ಆ್ಯಪ್ ಮಾಡಹೊರಟವನಿಗೆ ಮೊದಲು ಎದುರಾಗುವುದು ಮಾರ್ಗಜಿಜ್ಞಾಸೆ. ಆಂಡ್ರಾಯ್ಡ್ ಫೋನಿಗೆ ಒಂದು, ಐಫೋನಿಗೆ ಇನ್ನೊಂದು ಎಂದು ಎರಡು ಬೇರೆ ಬೇರೆ ಆ್ಯಪ್ ಬರೆಯಬಹುದು. ಒಮ್ಮೆಯೇ ಬರೆದು ಎರಡಕ್ಕೂ ಹೊಂದಿಸಬಹುದು. ಇಲ್ಲವೇ ಫೋನಿಗೆ ಏನನ್ನೂ ಇಳಿಸದೆ, ಲಿಂಕ್ ಒತ್ತಿದರೆ ತೆರೆದುಕೊಳ್ಳುವ ವೆಬ್ ಪುಟವೊಂದನ್ನು ಮಾಡಿ ಮುಗಿಸಬಹುದು. ಕಡೆಯದು ಎಲ್ಲಕ್ಕಿಂತ ಸುಲಭ. ಆ ಒಂದೇ ಕಾರಣಕ್ಕೆ ನನ್ನ ಪಾಂಡಿತ್ಯಕ್ಕೆ ಅದು ಅವಮಾನಕರವೆನಿಸಿತು. ಹಾಗಾಗಿ ಎಲ್ಲಕ್ಕಿಂತ ಕಷ್ಟದ ಮೊದಲನೆಯ ಮಾರ್ಗವನ್ನೇ ಹಿಡಿದೆ. ಮೂರು ತಿಂಗಳ ಬಳಿಕ, ತೆರೆದೊಡನೆ ಲಾಳಿ ಅತ್ತಿಂದಿತ್ತ ಓಡಿ, ಮಗ್ಗದ ಸದ್ದು ಕೇಳಿಸಿ, ಸೆರಗು ತಾನಾಗಿ ಬಿಚ್ಚಿಕೊಳ್ಳುವ ಭವ್ಯ ಆ್ಯಪ್ ಒಂದನ್ನು ಹೊತ್ತು ನಾರಾಯಣಪೇಟೆಗೆ ಹೋದೆ.

ಅಕ್ಕನ ಫೋನು ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಜಾಗ ಇಲ್ಲವಂತೆ! ನೋಡಿದರೆ, ಫೋನಿನ ತುಂಬ ಅವಳು ನೇಯ್ದ ಒಂದೊಂದು ಸೀರೆಯ ಅಂಚು, ಸೆರಗುಗಳ ಫೋಟೋ. ಇವನ್ನಿಷ್ಟು ಅಳಿಸಿಬಿಡಲೇ ಎಂದು ಕೇಳಿದೆ. ಅಕ್ಕ ಫೋನನ್ನು ನನ್ನ ಕೈಯಿಂದ ಕಸಿದುಕೊಂಡಳು.

“ಇವನ್ನ ಅಳಿಸಿದ್ರ ನಿನ್ನ ಆ್ಯಪಿನಾಗ ಏನ್ ತೋರಸ್ತಿ, ನಿನ್ನ ಮಾರಿ?”

ಮಕ್ತಲಕ್ಕೆ ಮರಳಿ, ಲಾಳಿಯನ್ನೂ ಸದ್ದನ್ನೂ ವಿಸರ್ಜಿಸಿ, ಒಂದೇ ವಾರದಲ್ಲಿ ಆ ‘ಅವಮಾನಕರ’ ವೆಬ್ ಪುಟವನ್ನು ಬರೆದು ಮುಗಿಸಿದೆ. ಸೀರೆಯ ಫೋಟೋ, ಬಣ್ಣ, ‘ಎಷ್ಟು ಸೀರೆ ಇವೆ’ ಎಂಬ ಒಂದು ಖಾನೆ, ಕೆಳಗೆ ನನ್ನ ಫೋನ್ ನಂಬರು, ಅಷ್ಟೇ. ಅಕ್ಕನ ಫೋನು ಅದನ್ನು ತಕರಾರಿಲ್ಲದೆ ತೆರೆಯಿತು. ಅವಳು ಹಸಿರು ಸೀರೆಯೊಂದರ ಫೋಟೋ ಹಾಕಿ, ಖಾನೆಯಲ್ಲಿ ಎಂಟು ಎಂದು ತುಂಬಿದಳು. ನಾನು ಲಿಂಕನ್ನು ಗೊತ್ತಿದ್ದವರಿಗೆಲ್ಲ ಕಳಿಸಿದೆ.

ದೀಪಾವಳಿಗೆ ತಿಂಗಳಿದೆ ಎನ್ನುವಾಗ ಗದ್ವಾಲದಿಂದ ಶಾರದಮ್ಮ ಎಂಬವರು ಫೋನ್ ಮಾಡಿ, ಮಗಳ ಮದುವೆಗೆ ಎಂಟೂ ಸೀರೆ ನಮಗೇ ಇರಲಿ ಎಂದರು. ನಾನು ಕುಣಿಯುವುದೊಂದು ಬಾಕಿ. ಸೀರೆ ಕಟ್ಟಿಸೋಣವೆಂದು ಅಕ್ಕನ ಮನೆಗೆ ಓಡಿದರೆ, ಕಪಾಟಿನಲ್ಲಿ ಮಡಿಚಿಟ್ಟದ್ದು ಒಂದೇ ಸೀರೆ.

“ಉಳಿದ ಏಳು ಎಲ್ಲಿ ಅಕ್ಕಾ?”

“ಇಲ್ಲೇ ಅದಾವಲ್ಲ,” ಎಂದು ಮಗ್ಗದ ಕಡೆ ಕೈ ತೋರಿಸಿದಳು.

ನಾರಾಯಣಪೇಟೆಯ ನೇಕಾರರು ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ, ಅಂದರೆ ಉದ್ದದ ನೂಲನ್ನು ಬಿಗಿದರೆ, ಅದರಲ್ಲೇ ಒಂದರ ಹಿಂದೊಂದು ಎಂಟು ಸೀರೆ ನೇಯುತ್ತಾರೆ. ಹಾಸು ಏರಿದ ದಿನವೇ ಅವರ ಲೆಕ್ಕದಲ್ಲಿ ಎಂಟೂ ಸೀರೆ ಇವೆ. ಅದು ಹುಟ್ಟಿದಾಗಿನಿಂದ ನನಗೆ ಗೊತ್ತಿರುವ ಸಂಗತಿ. ಗೊತ್ತಿದ್ದೂ ಖಾನೆ ಬರೆಯುವಾಗ ತಲೆಗೆ ಹೊಳೆಯಲಿಲ್ಲ. ಇರುವ ಒಬ್ಬರೇ ಗಿರಾಕಿಗೆ, ಅದೂ ಮದುವೆಮನೆಯವರಿಗೆ, ಇಲ್ಲದ ಸೀರೆ ಮಾರಿದಂತಾಯಿತು. ಈ ಗಿರಾಕಿಯೂ ತಪ್ಪಿದರೆ ಮಗ್ಗ ಉಳಿಯುವುದಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲವೆಂದು, ಇದ್ದ ಒಂದು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಗದ್ವಾಲದ ಬಸ್ಸು ಹತ್ತಿದೆ.

ಶಾರದಮ್ಮನವರ ಪಡಸಾಲೆಯಲ್ಲೂ ಒಂದು ಮಗ್ಗವಿತ್ತು. ಹತ್ತಿಯ ಸೀರೆಗೆ ರೇಷ್ಮೆಯ ಸೆರಗನ್ನು ಎಳೆ ಎಳೆಯಾಗಿ ಕೂಡಿಸುವ ಕೆಲಸ ಅಲ್ಲಿ ನಡೆದಿತ್ತು. ನಾನು ತಡವರಿಸುತ್ತ ಕ್ಷಮೆ ಕೇಳಿದೆ. ಆಕೆ ನಕ್ಕುಬಿಟ್ಟರು.

“ಅಯ್ಯ, ನಾವೂ ಮಗ್ಗದ ಮನಿಯವ್ರೇ ರೀ ಸಾರ್. ಎಂಟು ಅಂತ ನೋಡಿದ ಕೂಡ್ಲೆ ಹಾಸು ಏರಸ್ಯಾರ ಅಂತ ತಿಳಕೊಂಡ್ವಿ. ಮದುಮಗಳಿಗೆ ನಮ್ಮ ಕೈಯಾಂದು ಐತಿ. ಬೀಗರ ಹೆಣ್ಮಕ್ಕಳಿಗೆ ನಾರಾಯಣಪೇಟಿದು ಬೇಕಂತ. ಸೆರಗು ಬ್ಯಾರೆ ಬ್ಯಾರೆ ನೇಯಾಕ ಹೇಳಬಹುದಲ್ಲ ಅಂತನ ಫೋನ್ ಮಾಡಿದ್ದು. ಲಗ್ನಕ್ಕ ಇನ್ನಾ ಟೈಮ್ ಐತಿ. ಕುಂದರ್ರಿ, ಚಾ ಕುಡೀರಿ.”

ಆ ಚಹಾದ ರುಚಿಯನ್ನು ನಾನು ಮರೆಯುವುದಿಲ್ಲ. ಸೆರಗು ಹೇಗಿರಬೇಕೆಂದು ಬರೆದುಕೊಂಡು, ಆಕೆಗೆ ನಾಲ್ಕು ಸಲ ಕೈಮುಗಿದು ಹೊರಬಿದ್ದೆ.

ಹಿಂತಿರುಗುವ ಬಸ್ಸಿನಲ್ಲಿ, ಎಷ್ಟೋ ವರ್ಷದ ಹಿಂದಿನ ಮಾತೊಂದು ನೆನಪಾಯಿತು. ಹತ್ತನೆಯ ತರಗತಿಯಲ್ಲಿ ನಾನು ಗಣಿತದಲ್ಲೇ ಫೇಲಾಗಿದ್ದೆ. ಆ ವಾರ ಅಕ್ಕನ ಜೊತೆ ನೂಲಿನ ಅಂಗಡಿಗೆ ಹೋದಾಗ, ಅಂಗಡಿಯವರು “ಈ ಹುಡುಗ ಏನ್ ಮಾಡ್ತಾನಮ್ಮ?” ಎಂದು ಕೇಳಿದರು. “ನಮ್ಮ ತಮ್ಮ ಲೆಕ್ಕದ ಮಾಸ್ತರ ಅದಾನ್ರಿ,” ಎಂದಳು ಅಕ್ಕ. ಆಗುತ್ತಾನೆ ಎನ್ನಲಿಲ್ಲ, ಇದ್ದಾನೆ ಎಂದಳು. ನಾಚಿಕೆಯಿಂದ ನಾನು ದಾರಿಯುದ್ದಕ್ಕೂ ಅವಳೊಡನೆ ಜಗಳವಾಡಿದ್ದೆ, ಯಾಕೆ ಸುಳ್ಳು ಹೇಳಿದೆ ಎಂದು. ಅವಳು ಹೇಳಿದ್ದು ಸುಳ್ಳಲ್ಲವೆಂದು ತಿಳಿಯಲು ನನಗೆ ಇಷ್ಟು ವರ್ಷ ಹಿಡಿಯಿತು. ನನ್ನನ್ನು ಅವಳು ಆಗಲೇ ಮಗ್ಗಕ್ಕೆ ಏರಿಸಿಯಾಗಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಪಕ್ಕದವರು ಧೂಳೆಂದುಕೊಂಡಿರಬೇಕು.

ದೀಪಾವಳಿಗೆ ಮೂರು ದಿನವಿರುವಾಗ ಎಂಟನೆಯ ಸೀರೆ ಗದ್ವಾಲ ಸೇರಿತು. ಅಕ್ಕನ ಮನೆಗೆ ಹೋದೆ. ಅವಳು ಮಗ್ಗದ ಮುಂದೆ ಬಗ್ಗಿ ಹೊಸ ನೂಲು ಬಿಗಿಯುತ್ತಿದ್ದಳು. ಅಡ್ಡದ ಎಳೆ ಒಂದೂ ಬಿದ್ದಿರಲಿಲ್ಲ.

“ನನ್ನ ಕೈಗೆ ಬಿಡುವಿಲ್ಲ, ನೀನ ಫೋನ್ ತೊಗೋ,” ಎಂದಳು. “ಕೆಂಪು. ಎಂಟು ಅದಾವ ಅಂತ ಬರಿ.”

ಬರೆದೆ.