ಉಸ್ತಾದನಿಗೆ ಸಿಕ್ಕ ಜೋಡಿ

ಹವಾಲ್ದಾರ್ ಸಿದ್ದರಾಜು ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ನಾಗಮಂಗಲಕ್ಕೆ ವಾಪಸ್ ಬಂದ ಮೇಲೆ ಸುಮ್ಮನೆ ಕೂರುವ ಆಸಾಮಿಯಲ್ಲ. ಊರಾಚೆ ತೆಂಗಿನ ತೋಟದ ಪಕ್ಕದ ಬಯಲಿನಲ್ಲಿ, ಸೈನ್ಯಕ್ಕೆ ಸೇರಬೇಕೆನ್ನುವ ಸುತ್ತಲ ಹುಡುಗ ಹುಡುಗಿಯರಿಗೆ ತರಬೇತಿ ಶುರುಮಾಡಿಯೇಬಿಟ್ಟ. ಬೆಳಿಗ್ಗೆ ಐದೂವರೆಗೆ ಓಟ, ಆಮೇಲೆ ಪಾಠ. ಪಾಠವೆಂದರೆ ಅವನು ಹತ್ತೇ ನಿಮಿಷ ಮಾತಾಡಿ ಬಾಯಿ ಮುಚ್ಚುತ್ತಿದ್ದ. ಮಿಕ್ಕ ಹೊತ್ತೆಲ್ಲ ಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ಕೂತು ಒಬ್ಬರಿಗೊಬ್ಬರು ಹೇಳಿಕೊಡಬೇಕು, ವಾದಿಸಬೇಕು.

ನೋಡಿದವರಿಗೆ ತಮಾಷೆ. ಡೈರಿಗೆ ಹಾಲು ಹಾಕಲು ಹೊರಟ ಕರಿಯಯ್ಯ ಕ್ಯಾನು ಕೆಳಗಿಟ್ಟು ಕೇಳಿದ: "ಲೇ ಸಿದ್ರಾಜು, ಮಿಲ್ಟ್ರಿ ಅಂದ್ರೆ ಬಾಯ್ ಮುಚ್ಕೊಂಡು ಏಳ್ದಂಗೆ ಕೇಳೋದು ಅಂತಿದ್ರಲ್ಲಾ, ನೀನ್ ನೋಡುದ್ರೆ ಅರಟೆ ಕಲಿಸ್ತಾ ಇದ್ದೀಯ!"

"ಅರಟೇಲೇ ನಾನು ಪಾಸಾಗಿದ್ದು ಕಣ್ಲಾ," ಎಂದ ಸಿದ್ದರಾಜು.

ಅದು ನಿಜ. ಹದಿನೆಂಟರಲ್ಲಿ ಭರ್ತಿಯಾದಾಗ ಅವನಿಗೆ ಹಿಂದಿಯಲ್ಲಿ ಊಟ, ನೀರು ಬಿಟ್ಟರೆ ಮತ್ತೊಂದು ಪದ ಬರುತ್ತಿರಲಿಲ್ಲ. ಬಂದೂಕು ಬಿಚ್ಚಿ ಜೋಡಿಸುವ ಪಾಠ ತಲೆಗೆ ಹತ್ತುತ್ತಲೇ ಇರಲಿಲ್ಲ. ಪಕ್ಕದ ಹಾಸಿಗೆಯ ತೆಲುಗು ಹುಡುಗನದೂ ಅದೇ ಪಾಡು. ಅವನು ತೆಲುಗಿನಲ್ಲಿ, ಇವನು ಕನ್ನಡದಲ್ಲಿ, ಬಂದೂಕಿನ ಒಂದೊಂದು ಭಾಗಕ್ಕೂ ಬೆರಳಿಟ್ಟು ಜಗಳವಾಡಿಕೊಂಡೇ ಕಲಿತರು. ಮುಂದೆ ತಾನೇ ಹೊಸಬರಿಗೆ ಕಲಿಸುವ ಉಸ್ತಾದನಾದಾಗ ಸಿದ್ದರಾಜು ಅದನ್ನೇ ಕಾಯಿದೆ ಮಾಡಿದ. ಜೊತೆಯವನು ಹೇಳಿದ್ದನ್ನು 'ನಾನು' ಎಂದೇ ಶುರುಮಾಡಿ, ಅವನ ಮಾತಿನಲ್ಲೇ ಮೊದಲು ಒಪ್ಪಿಸಬೇಕು. ಹೇಳಿದವನು ಸರಿ ಅಂದ ಮೇಲೇ ಉತ್ತರ. ಎಲ್ಲ ಜೋಡಿ ಮುಗಿಯುವತನಕ ಯಾರೂ ಏಳುವಂತಿಲ್ಲ. ಜೋಡಿ ಸಿಗದವರಿಗೆ ಉಸ್ತಾದನೇ ಜೋಡಿ.

ಈ ಕೊನೆಯ ಕಾಯಿದೆಯೇ ಅವನ ಕುತ್ತಿಗೆಗೆ ಬಂತು.

ಮಗಳು ಶ್ವೇತಳಿಗೆ ಹತ್ತೊಂಬತ್ತು. ಸೈನ್ಯದ ಪೊಲೀಸ್ ವಿಭಾಗಕ್ಕೆ ಹೆಣ್ಣುಮಕ್ಕಳನ್ನೂ ತಗೊಳ್ಳುತ್ತಾರೆ, ನಾನೂ ಅರ್ಜಿ ಹಾಕುತ್ತೇನೆ ಎಂದು ತಿಂಗಳಿನಿಂದ ಕೇಳುತ್ತಿದ್ದಳು. ಊರವರ ಹೆಣ್ಣುಮಕ್ಕಳನ್ನೆಲ್ಲ ಓಡಿಸುವ ಅಪ್ಪ, ಮಗಳಿಗೆ ಮಾತ್ರ "ಬ್ಯಾಡ ಅಂದ್ರೆ ಬ್ಯಾಡ" ಎಂದು ತಟ್ಟೆ ಮುಂದಿನಿಂದ ಎದ್ದುಬಿಡುತ್ತಿದ್ದ. ಅವನ ಮಾತು ಮೀರಿ ಅರ್ಜಿ ಹಾಕಲು ಅವಳಿಗೆ ಮನಸ್ಸಿಲ್ಲ. ಅವತ್ತು ನೋಡಿದರೆ ಅರ್ಜಿಗೆ ಕೊನೆಯ ದಿನ.

ಓಟ ಮುಗಿದು ಜೋಡಿಗಳು ಕೂರುವ ಹೊತ್ತಿಗೆ ಶ್ವೇತ ಬಂದು ನಿಂತಳು. ಮೂವತ್ತು ಜನ, ಹದಿನೈದು ಜೋಡಿ. ಉಳಿದವಳು ಅವಳೊಬ್ಬಳೇ.

"ಉಸ್ತಾದ್, ನಂಗೆ ಜೋಡಿ ಇಲ್ಲ," ಎಂದಳು.

ಯಾರೋ ಕಿಸಕ್ಕನೆ ನಕ್ಕರು. ಸಿದ್ದರಾಜು ವಿಧಿಯಿಲ್ಲದೆ ಚಕ್ಕಳಮಕ್ಕಳ ಹಾಕಿ ಕೂತ.

"ನಾನು ಸೈನ್ಯಕ್ಕೆ ಸೇರ್ಬೇಕು," ಶ್ವೇತ ಶುರುಮಾಡಿದಳು. "ನಮ್ಮಪ್ಪ ಬ್ಯಾಡ ಅಂತಾರೆ, ಯಾಕೆ ಅಂತ ಏಳಲ್ಲ. ನಮ್ಮಪ್ಪಂಗೆ ಎದ್ರಿಕೆ ಅಂತ ನಂಗೊತ್ತು."

ಸಿದ್ದರಾಜು ಕಾಯಿದೆಯಂತೆ ಒಪ್ಪಿಸತೊಡಗಿದ. "ನಾನು ಸೈನ್ಯಕ್ಕೆ ಸೇರ್ಬೇಕು. ನಮ್ಮಪ್ಪ ಬ್ಯಾಡ ಅಂತಾರೆ, ಯಾಕೆ ಅಂತ ಏಳಲ್ಲ." ಅಷ್ಟಕ್ಕೇ ನಿಲ್ಲಿಸಿದ.

"ಸರಿ ಇಲ್ಲ ಉಸ್ತಾದ್. ಒಂದು ಮಾತು ಬುಟ್ರಿ."

ಹದಿನೈದು ಜೋಡಿಯೂ ತಮ್ಮದು ಮುಗಿಸಿ ಇತ್ತಲೇ ನೋಡುತ್ತಿದ್ದವು. ಬಿಸಿಲು ಏರುತ್ತಿತ್ತು. ಗಡಿಯಲ್ಲಿ ಚಳಿಗೂ ಗುಂಡಿಗೂ ಜಗ್ಗದ ಮನುಷ್ಯನಿಗೆ ಆ ಒಂದು ಮಾತು ಬಾಯಿಗೆ ಬರಲೊಲ್ಲದು. ಕೊನೆಗೆ ನೆಲ ನೋಡಿಕೊಂಡು ಹೇಳಿದ: "ನಮ್ಮಪ್ಪಂಗೆ... ಎದ್ರಿಕೆ ಅಂತ ನಂಗೊತ್ತು."

"ಸರಿ," ಎಂದಳು ಶ್ವೇತ. "ಈಗ ನೀವು."

ಇಷ್ಟು ದಿನ ಕೂಡಿಟ್ಟಿದ್ದ ವಾದಗಳೆಲ್ಲ ಎಲ್ಲಿ ಹೋದವೋ. "ನಾನು ನೋಡಿರೋದ ನನ್ ಮಗಳು ನೋಡಬಾರ್ದು," ಎಂದ. "ಜೊತೇಲಿ ಉಂಡೋನ್ನ ನಾನೇ ಎಗಲ ಮೇಲೆ ಒತ್ಕೊಂಡು ಬಂದಿವ್ನಿ. ನಂಗೆ ಎದ್ರಿಕೆ ಆಯ್ತದೆ." ಹೆಂಡತಿ ಬೆಟ್ಟಮ್ಮನಿಗೂ ಹೇಳಿರದ ಮಾತು ಅದು. ಹೇಳಿದ ಮೇಲೆ ಎದೆ ಹಗುರವಾಯಿತು, ನಾಚಿಕೆಯೂ ಆಯಿತು.

ಶ್ವೇತಳ ಕಣ್ಣು ತುಂಬಿತ್ತು. ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಒಪ್ಪಿಸಿದಳು: "ನಾನು ನೋಡಿರೋದ ನನ್ ಮಗಳು ನೋಡಬಾರ್ದು. ಜೊತೇಲಿ ಉಂಡೋನ್ನ ನಾನೇ ಎಗಲ ಮೇಲೆ ಒತ್ಕೊಂಡು ಬಂದಿವ್ನಿ. ನಂಗೆ ಎದ್ರಿಕೆ ಆಯ್ತದೆ. ಆದ್ರೂ ಕಳಿಸ್ತೀನಿ."

ಕೊನೆಯದು ಅವನು ಆಡಿದ ಮಾತಲ್ಲ. ಜೊತೆಯವರು ಇಲ್ಲದ್ದನ್ನು ಸೇರಿಸಿದರೆ ಅಲ್ಲೇ ತಡೆದು ತಿದ್ದಬೇಕೆಂದು ಆ ಮಕ್ಕಳಿಗೆಲ್ಲ ಕಲಿಸಿದವನೂ ಅವನೇ. ಮೂವತ್ತು ಜನ ಉಸ್ತಾದನ ಬಾಯಿಯನ್ನೇ ನೋಡುತ್ತ ಕೂತರು.

ಸಿದ್ದರಾಜು ಮಗಳ ಮುಖ ನೋಡಿದ. ತಿದ್ದಲಿಲ್ಲ.